ಗೇಟಿನಾಚೆಯ ಎರಡು ವಾರ

‘ನಾಲ್ಕು ದಿನ ಒಳಗೆ ಹಾಕಿಸಿ, ತಾನೇ ಬಿಡ್ತಾನೆ.’

ಮಗನ ಕುಡಿತದಿಂದಲೋ ಗಾಂಜಾದಿಂದಲೋ ಬೇಸತ್ತ ಮನೆಗಳಲ್ಲಿ ಈ ಮಾತು ಒಮ್ಮೆಯಾದರೂ ಬಂದಿರುತ್ತದೆ. ಹೇಳುವವರು ಸೋದರಮಾವನಿರಬಹುದು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿರಬಹುದು. ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗಿಂತ ಹೆಚ್ಚಾಗಿ ಅಸಹಾಯಕತೆ ಇದೆ. ಅದರ ಹಿಂದಿನ ನಂಬಿಕೆ ಮಾತ್ರ ಬಲು ಸರಳ: ಸೆರೆಮನೆಯೊಳಗೆ ಮಾಲು ಸಿಗುವುದಿಲ್ಲ, ಸಿಗದೇ ಹೋದರೆ ಚಟ ತಾನಾಗಿ ಬಿಟ್ಟುಹೋಗುತ್ತದೆ.

ಈ ನಂಬಿಕೆ ಎಷ್ಟು ನಿಜ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಲೆಕ್ಕವಿದೆ. ಆ ದೇಶದ ಪಶ್ಚಿಮ ಕರಾವಳಿಯಲ್ಲಿ, ಸಿಯಾಟಲ್ ನಗರವಿರುವ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ 1999ರಿಂದ 2003ರ ನಡುವೆ ಬಿಡುಗಡೆಯಾದ 30,237 ಜನರ ಮುಂದಿನ ಬದುಕನ್ನು ಸಂಶೋಧಕರು ದಾಖಲೆಗಳಲ್ಲಿ ಹಿಂಬಾಲಿಸಿದರು. 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಇವರು ಸಾಯುವ ಸಂಭವ ಅದೇ ರಾಜ್ಯದ ಇತರ ಜನರಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಮಾದಕ ವಸ್ತುವಿನ ಪ್ರಮಾಣ ಮೀರಿ ಸಾಯುವ ಸಂಭವವಂತೂ 129 ಪಟ್ಟು!

ನೂರಿಪ್ಪತ್ತೊಂಬತ್ತು ಪಟ್ಟು. ಒಳಗಿದ್ದಾಗ ಬದುಕಿದ್ದವರು ಹೊರಬಂದ ಹದಿನಾಲ್ಕು ದಿನಗಳಲ್ಲಿ ಹೀಗೇಕೆ ಸಾಯಬೇಕು?

ಕಾರಣ ದೇಹದ ಒಂದು ಸಾಮಾನ್ಯ ನಿಯಮದಲ್ಲಿದೆ. ದಿನವೂ ಹೆರಾಯಿನ್ ತೆಗೆದುಕೊಳ್ಳುವವನ ದೇಹ ಅದಕ್ಕೆ ಒಗ್ಗಿಕೊಳ್ಳುತ್ತ ಹೋಗುತ್ತದೆ. ಮೊದಲ ದಿನ ಮತ್ತೇರಿಸಿದ ಚಿಟಿಕೆ ಆರು ತಿಂಗಳಾಗುವಷ್ಟರಲ್ಲಿ ಏನೂ ಸಾಲದು, ಪ್ರಮಾಣ ಏರುತ್ತದೆ. ಸೆರೆಮನೆಯಲ್ಲಿ ಕೆಲವು ತಿಂಗಳು ಬಿಟ್ಟಿದ್ದರೆ ಆ ಒಗ್ಗಿಕೆ ಅಳಿಸಿಹೋಗುತ್ತದೆ, ದೇಹ ಮತ್ತೆ ಹೊಸದಾಗುತ್ತದೆ. ಆದರೆ ಮನಸ್ಸಿನ ಲೆಕ್ಕದ ಪುಸ್ತಕದಲ್ಲಿ ಹಳೆಯ ಪ್ರಮಾಣವೇ ಬರೆದಿರುತ್ತದೆ. ಹೊರಬಂದವನು ಹಳೆಯ ಗೆಳೆಯರ ಜೊತೆ ಹಳೆಯ ಜಾಗದಲ್ಲಿ ಹಳೆಯಷ್ಟನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗುತ್ತದೆ. ಸೆರೆಮನೆಯೊಳಗೂ ಮಾಲು ನುಸುಳುತ್ತದೆ ಎಂಬುದು ಬೇರೆ ಮಾತು. ಅದು ನುಸುಳದ, ಕಟ್ಟುನಿಟ್ಟಾದ ಸೆರೆಮನೆಯಿಂದ ಬಂದವನಿಗೇ ಈ ಅಪಾಯ ಹೆಚ್ಚು ಎನ್ನುವುದನ್ನು ಮನೆಯವರು ಗಮನಿಸಬೇಕು.

ಅಂದರೆ ‘ಒಳಗೆ ಹಾಕುವುದು’ ಚಿಕಿತ್ಸೆಯಲ್ಲ. ಹಾಗಾದರೆ ಒಳಗಿರುವಾಗ ಏನು ಮಾಡಿದರೆ ಅದು ಚಿಕಿತ್ಸೆಯಾದೀತು? ಕಳೆದ ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಅತಿ ಹೆಚ್ಚು ಹಣ ಸುರಿದು, ಅತಿ ಹೆಚ್ಚು ತಪ್ಪು ಮಾಡಿ, ಅತಿ ಹೆಚ್ಚು ಲೆಕ್ಕ ಇಟ್ಟು ಕೇಳಿದ ದೇಶ ಅಮೆರಿಕವೇ.

ಸಾವಿರ ಎಕರೆಯ ತೋಟ

1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನ ಹೊರಗೆ, ಸುಮಾರು ಸಾವಿರ ಎಕರೆ ಹಸಿರು ಬಯಲಿನಲ್ಲಿ ಅಮೆರಿಕ ಸರ್ಕಾರ ಒಂದು ವಿಚಿತ್ರ ಸಂಸ್ಥೆ ತೆರೆಯಿತು. ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆ. ಜನ ಅದನ್ನು ‘ನಾರ್ಕೋಟಿಕ್ ಫಾರ್ಮ್’ ಎಂದೇ ಕರೆದರು. ಶಿಕ್ಷೆಗೊಳಗಾದ ವ್ಯಸನಿಗಳೂ ತಾವಾಗಿ ಬಂದು ಸೇರಿದವರೂ ಒಂದೇ ಸೂರಿನಡಿ ಇದ್ದರು. ಹಸು ಸಾಕುವುದು, ಹಾಲು ಕರೆಯುವುದು, ತರಕಾರಿ ಬೆಳೆಯುವುದು, ಹೊಲಿಗೆ, ಬಡಗಿ ಕೆಲಸ, ಸಂಜೆಗೆ ಆಟ, ರಾತ್ರಿ ಸಂಗೀತ. ಒಳ್ಳೆಯ ಗಾಳಿ, ಒಳ್ಳೆಯ ಊಟ, ಮೈಮುರಿಯುವ ದುಡಿಮೆ ಸಿಕ್ಕರೆ ಮನುಷ್ಯ ಸರಿಹೋಗುತ್ತಾನೆ ಎಂಬುದು ಅಲ್ಲಿನ ವೈದ್ಯರ ನಂಬಿಕೆ. ನಮ್ಮ ಹಿರಿಯರು ‘ಊರಿಗೆ ಕಳಿಸಿ, ಗದ್ದೆ ಕೆಲಸಕ್ಕೆ ಹಚ್ಚಿ’ ಎನ್ನುವುದಿಲ್ಲವೇ, ಹಾಗೆ.

ಮನುಷ್ಯ ಸರಿಹೋಗುತ್ತಿದ್ದ, ಅಲ್ಲಿರುವವರೆಗೆ. ಅಲ್ಲಿಂದ ನ್ಯೂಯಾರ್ಕ್ ನಗರಕ್ಕೆ ಮರಳಿದ 1,912 ಜನರ ಅಧ್ಯಯನವೊಂದು 1962ರಲ್ಲಿ ಹೊರಬಂತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮತ್ತೆ ಚಟಕ್ಕೆ ಬಿದ್ದಿದ್ದರು. ಬಹುಪಾಲು ಮೊದಲ ಆರು ತಿಂಗಳಲ್ಲೇ. ಹಸುವಿನ ಕೊಟ್ಟಿಗೆಯಲ್ಲಿ ಕಲಿತದ್ದು ನ್ಯೂಯಾರ್ಕಿನ ಓಣಿಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಲೆಕ್ಸಿಂಗ್ಟನ್ನಿನ ಹೆಸರಿಗೆ ಇನ್ನೊಂದು ಕಳಂಕವೂ ಅಂಟಿದೆ. ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕೈದಿಗಳ ಮೇಲೆ ಮಾದಕ ವಸ್ತುಗಳ ಪ್ರಯೋಗ ನಡೆಯುತ್ತಿತ್ತು. ಅದಕ್ಕೆ ಬದಲಾಗಿ ಅವರಿಗೆ ಮಾದಕ ವಸ್ತುವನ್ನೇ ಕೊಟ್ಟದ್ದೂ ಉಂಟು. 1970ರ ದಶಕದಲ್ಲಿ ಇದು ಅಮೆರಿಕ ಸಂಸತ್ತಿನಲ್ಲಿ ಪ್ರಶ್ನೆಯಾಗಿ ನಿಂತುಹೋಯಿತು.

ಆದರೂ ಲೆಕ್ಸಿಂಗ್ಟನ್ನಿನಿಂದ ಗೆದ್ದು ಬಂದವರಿದ್ದಾರೆ. ಜಾಜ್ ಸಂಗೀತದ ಮಹಾನ್ ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸ್ ಅವರಲ್ಲಿ ಒಬ್ಬರು. ಹೆರಾಯಿನ್ ಚಟ, ಸೆರೆವಾಸ ಎಲ್ಲವನ್ನೂ ಕಂಡಿದ್ದ ಅವರು 1955ರಲ್ಲಿ ಅಲ್ಲಿಗೆ ಹೋದರು. ಹೊರಬಂದ ಮೇಲೆ ಅವರು ಮಾಡಿದ್ದೇ ಮುಖ್ಯ. ನೇರವಾಗಿ ನ್ಯೂಯಾರ್ಕಿನ ಕ್ಲಬ್ಬುಗಳಿಗೆ ಮರಳಲಿಲ್ಲ. ಷಿಕಾಗೊದಲ್ಲಿ ಉಳಿದು, ಕಸ ಗುಡಿಸುವಂಥ ಸಣ್ಣಪುಟ್ಟ ಕೂಲಿ ಕೆಲಸ ಮಾಡಿಕೊಂಡು, ಒಂಟಿಯಾಗಿ ಅಭ್ಯಾಸ ಮಾಡುತ್ತ ತಿಂಗಳುಗಳನ್ನು ಕಳೆದರು. ವೇದಿಕೆಗೆ ಮರಳಿದ್ದು ಆಮೇಲೆ. ಮರುವರ್ಷವೇ, 1956ರಲ್ಲಿ, ಅವರ ಅತಿ ಪ್ರಸಿದ್ಧ ಧ್ವನಿಮುದ್ರಿಕೆ ಹೊರಬಂತು.

ಹಾರ್ವರ್ಡಿನ ಮನೋವೈದ್ಯ ಜಾರ್ಜ್ ವೇಲಂಟ್ ಲೆಕ್ಸಿಂಗ್ಟನ್ನಿನಿಂದ ಹೊರಬಂದ ನೂರು ಜನರನ್ನು ಒಂದಲ್ಲ ಎರಡಲ್ಲ, ಇಪ್ಪತ್ತು ವರ್ಷ ಹಿಂಬಾಲಿಸಿದರು. ಆರು ತಿಂಗಳಲ್ಲಿ ಸೋತಂತೆ ಕಂಡವರಲ್ಲೇ ಎಷ್ಟೋ ಜನ ಹತ್ತು–ಹದಿನೈದು ವರ್ಷಗಳಲ್ಲಿ ಗೆದ್ದಿದ್ದರು. ಗೆದ್ದವರ ಬದುಕಿನಲ್ಲಿ ಅವರಿಗೆ ಮತ್ತೆ ಮತ್ತೆ ಕಂಡದ್ದು ಇಷ್ಟು: ಬಿಡುಗಡೆಯ ನಂತರವೂ ಕಣ್ಣಿಟ್ಟಿರುವ ಯಾರೋ ಒಬ್ಬರು, ಚಟದ ಜಾಗ ತುಂಬಿದ ಇನ್ನೊಂದು ಗೀಳು, ಹಳೆಯ ಗಾಯಗಳಿಲ್ಲದ ಹೊಸ ಸಂಬಂಧ, ಮತ್ತು ತನ್ನಂತೆಯೇ ಬಿದ್ದು ಎದ್ದವರ ಒಂದು ಗುಂಪು. ಮಕ್ಕಳು ಒಮ್ಮೆ ಜಾರಿದರೆ ‘ಮುಗೀತು’ ಎಂದು ಕೈಚೆಲ್ಲುವ ಮನೆಯವರು ಈ ಇಪ್ಪತ್ತು ವರ್ಷದ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕಸಬರಿಗೆಯಿಂದ ಶುರು

1977ರಲ್ಲಿ ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿನ ಆರ್ಥರ್ ಕಿಲ್ ಸೆರೆಮನೆಯಲ್ಲಿ ‘ಸ್ಟೇಯಿನ್ ಔಟ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಹೆಸರಿನ ಅರ್ಥವೇ ‘ಹೊರಗೇ ಉಳಿಯುವುದು’. ಒಳಗೆ ಚೆನ್ನಾಗಿರುವುದಲ್ಲ, ಹೊರಗೆ ಹೋದವನು ಮತ್ತೆ ಬಾರದಿರುವುದು ಗುರಿ.

ವ್ಯಸನಿಗಳಾಗಿದ್ದ ಕೈದಿಗಳನ್ನು ಉಳಿದವರಿಂದ ಬೇರೆ ಮಾಡಿ ಒಂದು ವಿಭಾಗದಲ್ಲಿ ಇಟ್ಟರು. ಅಲ್ಲಿ ನಡೆಸುವವರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ತಾವೂ ಚಟ ಹತ್ತಿಸಿಕೊಂಡಿದ್ದವರು, ಸೆರೆಮನೆ ಕಂಡವರು. ಅವರ ಮುಂದೆ ಸುಳ್ಳು ನಡೆಯುವುದಿಲ್ಲ! ಹೊಸಬ ಬಂದರೆ ಅವನ ಕೈಗೆ ಮೊದಲು ಬರುವುದು ಕಸಬರಿಗೆ. ನೆಲ ಒರೆಸುವುದು, ಪಾತ್ರೆ ತೊಳೆಯುವುದು. ಸರಿಯಾಗಿ ಮಾಡಿದರೆ ಒಂದು ಮೆಟ್ಟಿಲು ಮೇಲಕ್ಕೆ, ನಾಲ್ಕು ಜನರ ಕೆಲಸ ನೋಡಿಕೊಳ್ಳುವ ಹೊಣೆ. ಇನ್ನೂ ಮೇಲಕ್ಕೆ ಹೋದರೆ ಹೊಸಬರಿಗೆ ಅಣ್ಣನಾಗಿ ನಿಲ್ಲುವ ಕೆಲಸ. ಬೆಳಿಗ್ಗೆ ಎಲ್ಲರೂ ಸೇರುವ ಸಭೆ, ಹಗಲು ಕೆಲಸ ಮತ್ತು ಪಾಠ, ಸಂಜೆ ಗುಂಪಿನಲ್ಲಿ ಕುಳಿತು ಒಬ್ಬರಿಗೊಬ್ಬರು ಮುಖಕ್ಕೆ ಹೇಳುವ ಮಾತು. ಇಂಥ ಏರ್ಪಾಡಿಗೆ ‘ಥೆರಪ್ಯೂಟಿಕ್ ಕಮ್ಯುನಿಟಿ’ ಎಂಬ ದೊಡ್ಡ ಹೆಸರಿದೆ. ಶಿಸ್ತಿನ ಹಾಸ್ಟೆಲಿನಲ್ಲಿ ಓದಿದವರಿಗೆ ಇದರ ಚಹರೆ ಪರಿಚಿತವೇ.

1990ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಯಾವ ಚಿಕಿತ್ಸೆಯೂ ಸಿಗದ ಗಂಡಸರಲ್ಲಿ ನೂರಕ್ಕೆ ಸುಮಾರು 41 ಮಂದಿ ಮತ್ತೆ ಬಂಧನಕ್ಕೊಳಗಾಗಿದ್ದರು. ಈ ಕಾರ್ಯಕ್ರಮದಲ್ಲಿದ್ದವರಲ್ಲಿ 27. ಒಂಬತ್ತರಿಂದ ಹನ್ನೆರಡು ತಿಂಗಳು ಇದ್ದವರು ಎಲ್ಲರಿಗಿಂತ ಮೇಲು. ಮೂರು ತಿಂಗಳು ಸಾಲದು. ಸ್ವಾರಸ್ಯವೆಂದರೆ ಹನ್ನೆರಡು ತಿಂಗಳು ಮೀರಿದವರ ಫಲಿತಾಂಶ ಮತ್ತೆ ಇಳಿದಿತ್ತು. ಪೆರೋಲ್ ಸಿಗದೆ ಅಲ್ಲೇ ಉಳಿದ ನಿರಾಶೆ ಅದಕ್ಕೆ ಕಾರಣವಿರಬಹುದು.

ಇಂಥ ಫಲಿತಾಂಶಗಳ ಬಲದ ಮೇಲೆ 1994ರಲ್ಲಿ ಅಮೆರಿಕದ ಹೊಸ ಅಪರಾಧ ಕಾಯ್ದೆ ಎಲ್ಲ ರಾಜ್ಯಗಳ ಸೆರೆಮನೆಗಳಿಗೂ ವಸತಿ ಸಹಿತ ವ್ಯಸನ ಚಿಕಿತ್ಸೆಗೆಂದು ಹಣ ಇಟ್ಟಿತು. ಷರತ್ತು ಎರಡು: ಆರರಿಂದ ಹನ್ನೆರಡು ತಿಂಗಳ ಅವಧಿ, ಮತ್ತು ಇತರ ಕೈದಿಗಳಿಂದ ಬೇರೆಯಾದ ಜಾಗ. ಕೇಂದ್ರ ಸರ್ಕಾರದ ಸೆರೆಮನೆಗಳಲ್ಲೂ 500 ಗಂಟೆಗಳಿಗೆ ಕಡಿಮೆಯಿಲ್ಲದ ಇಂಥದೇ ಕಾರ್ಯಕ್ರಮ ನಡೆಯುತ್ತದೆ. ಅದನ್ನು ಪೂರ್ತಿ ಮಾಡಿದ, ಹಿಂಸಾಪರಾಧಗಳಲ್ಲಿ ಇಲ್ಲದ ಕೈದಿಗೆ ಒಂದು ವರ್ಷದವರೆಗೆ ಶಿಕ್ಷೆ ಕಡಿತವಾಗಬಹುದು. ‘ಹಾಗಾದರೆ ಎಲ್ಲರೂ ರಿಯಾಯಿತಿಯ ಆಸೆಗೇ ಸೇರುತ್ತಾರಲ್ಲ’ ಎಂದು ಕೇಳಬಹುದು. ಸೇರುತ್ತಾರೆ. ಪರೀಕ್ಷೆಯ ಅಂಕಕ್ಕಾಗಿ ಓದುವ ಹುಡುಗನಿಗೂ ವಿದ್ಯೆ ಸ್ವಲ್ಪ ಹತ್ತದೇ ಇರುವುದಿಲ್ಲ. ಬಂದ ಕಾರಣಕ್ಕಿಂತ ಎಷ್ಟು ಕಾಲ ಉಳಿದ ಎನ್ನುವುದೇ ಇಲ್ಲಿ ದೊಡ್ಡದು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿಯ ಡೊನೊವನ್ ಸೆರೆಮನೆಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ಅಲ್ಲಿ ‘ಆಮಿಟಿ’ ಎಂಬ ಸಂಸ್ಥೆ ನಡೆಸಿದ ಚಿಕಿತ್ಸೆಯ ಮೂರು ವರ್ಷಗಳ ಫಲಿತಾಂಶ 1999ರಲ್ಲಿ ಹೊರಬಂತು. ಚಿಕಿತ್ಸೆ ಸಿಗದವರಲ್ಲಿ ನೂರಕ್ಕೆ 75 ಮಂದಿ ಮತ್ತೆ ಸೆರೆಮನೆಗೆ ಮರಳಿದ್ದರು. ಒಳಗಿನ ಚಿಕಿತ್ಸೆಯನ್ನೂ, ಹೊರಬಂದ ಮೇಲೆ ಸಮುದಾಯದಲ್ಲಿ ಮುಂದುವರಿದ ಚಿಕಿತ್ಸೆಯನ್ನೂ ಮುಗಿಸಿದವರಲ್ಲಿ ಕೇವಲ 27. ಒಳಗಿನದನ್ನಷ್ಟೇ ಮುಗಿಸಿ ಮನೆಗೆ ಹೋದವರು? ಅವರ ಸಂಖ್ಯೆ ಚಿಕಿತ್ಸೆ ಸಿಗದವರ ಆಸುಪಾಸಿನಲ್ಲೇ ಇತ್ತು! ಹೊರಬಂದ ಮೇಲೂ ಚಿಕಿತ್ಸೆಗೆ ಒಪ್ಪಿ ನಿಂತವರು ಮೊದಲೇ ಗಟ್ಟಿ ಮನಸ್ಸಿನವರಾಗಿದ್ದಿರಬಹುದು, ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ಚಿಕಿತ್ಸೆಗೆ ಕೊಡಲಾಗದು. ಐದು ವರ್ಷ ತುಂಬುವಷ್ಟರಲ್ಲಿ ಚಿಕಿತ್ಸೆಗೆ ಆಯ್ಕೆಯಾದ ಇಡೀ ಗುಂಪಿಗೂ ಉಳಿದವರಿಗೂ ನಡುವಿನ ಅಂತರ ಬಹಳ ಕಿರಿದಾಗಿತ್ತು ಎಂಬುದನ್ನೂ ಹೇಳಬೇಕು.

ತಲೆ ಬೋಳಿಸುವ ಚಿಕಿತ್ಸೆ

ಈ ಪದ್ಧತಿಯ ಮೂಲದಲ್ಲಿ ಒಂದು ಕರಾಳ ಅಧ್ಯಾಯವಿದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ವ್ಯಸನಿಗಳೇ ವ್ಯಸನಿಗಳನ್ನು ತಿದ್ದುವ ಮೊದಲ ದೊಡ್ಡ ಪ್ರಯತ್ನ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡರಿಕ್ ಎಂಬಾತ ಕಟ್ಟಿದ ‘ಸಿನನಾನ್’. ಮುಖದ ಮೇಲೆ ಸತ್ಯ ಹೇಳುವ ಸಭೆ ಬರಬರುತ್ತ ಬೈಗುಳದ ಸಭೆಯಾಯಿತು. ತಲೆ ಬೋಳಿಸುವುದು, ಅವಮಾನ ಮಾಡುವುದು ಚಿಕಿತ್ಸೆ ಎನ್ನಿಸಿಕೊಂಡವು. ಕೊನೆಗದು ಒಬ್ಬನ ಮಾತೇ ವೇದವಾದ ಪಂಥವಾಗಿ ಬದಲಾಯಿತು. 1978ರಲ್ಲಿ ತಮ್ಮ ವಿರುದ್ಧ ಮೊಕದ್ದಮೆ ಹೂಡಿದ್ದ ವಕೀಲರೊಬ್ಬರ ಅಂಚೆಪೆಟ್ಟಿಗೆಯಲ್ಲಿ ಅದರ ಸದಸ್ಯರು ಜೀವಂತ ವಿಷದ ಹಾವನ್ನು ಇಟ್ಟರು. ವಕೀಲರು ಕಚ್ಚಿಸಿಕೊಂಡೂ ಬದುಕಿದರು. ಸಂಸ್ಥೆ ಮೆಲ್ಲಗೆ ಮುಳುಗಿತು.

ನಮ್ಮ ಊರುಗಳಲ್ಲೂ ‘ಸರಿಮಾಡಿಕೊಡುತ್ತೇವೆ, ನೀವು ಮೂರು ತಿಂಗಳು ಬರಬೇಡಿ’ ಎನ್ನುವ ಜಾಗಗಳಿವೆ. ಹೊಡೆತವನ್ನು, ಸರಪಳಿಯನ್ನು ಚಿಕಿತ್ಸೆ ಎಂದು ಯಾರು ಹೇಳಿದರೂ ತಂದೆತಾಯಿ ನಂಬಬಾರದು. ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಗಳು ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ.

ಕಿವಿಗೆ ಸೂಜಿ, ಬೆನ್ನಿಗೆ ಚಾಪೆ

ಚಟ ಬಿಡಿಸಿದರೆ ಆಯಿತೇ? ಬಿಟ್ಟವನ ದೇಹ ಹೇಗಿರುತ್ತದೆ ನೋಡಿ. ಹೆರಾಯಿನ್ ನಿಲ್ಲಿಸಿದ ಮೊದಲ ದಿನಗಳಲ್ಲಿ ಮೂಗು ಸೋರುವುದು, ಆಕಳಿಕೆ, ಹೊಟ್ಟೆ ಹಿಂಡುವುದು, ಮೂಳೆ ಮೂಳೆಯೂ ನೋಯುವುದು. ವಾರ ಹತ್ತು ದಿನದಲ್ಲಿ ಅದು ಇಳಿಯುತ್ತದೆ. (ಮದ್ಯದ ವಿಷಯ ಹಾಗಲ್ಲ, ದಿನವೂ ವಿಪರೀತ ಕುಡಿಯುತ್ತಿದ್ದವರು ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು.) ಆಮೇಲೆ ಉಳಿಯುವುದು ನಿದ್ದೆ ಬಾರದ ರಾತ್ರಿ, ಹಾಳಾದ ಹಲ್ಲು, ಊಟ ಸೇರದ ನಾಲಿಗೆ, ಕಾರಣವಿಲ್ಲದ ಸಿಟ್ಟು. ಇಷ್ಟು ವರ್ಷ ಈ ಎಲ್ಲ ಕಷ್ಟಕ್ಕೂ ಅವನ ಬಳಿ ಒಂದೇ ಮದ್ದಿತ್ತು. ಅದನ್ನೇ ಈಗ ಕಿತ್ತುಕೊಂಡಾಗಿದೆ. ಖಾಲಿಯಾದ ಆ ಜಾಗಕ್ಕೆ ಏನು ಕೊಡುವುದು ಎಂಬ ಪ್ರಶ್ನೆಯಿಂದಲೇ ಸೆರೆಮನೆ ಚಿಕಿತ್ಸೆಯೊಳಗೆ ವ್ಯಾಯಾಮ, ಯೋಗ, ಉಸಿರಾಟ, ಧ್ಯಾನ, ನಿದ್ದೆಯ ಕ್ರಮ, ಆಹಾರದ ತಿಳಿವಳಿಕೆ ಎಲ್ಲ ಬಂದವು. ಅಮೆರಿಕದವರು ಇದಕ್ಕೆಲ್ಲ ಸೇರಿಸಿ ‘ವೆಲ್‌ನೆಸ್’ ಎನ್ನುತ್ತಾರೆ.

ಬಂದದ್ದೆಲ್ಲ ಬಂಗಾರವಲ್ಲ. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಿಂದ ಹೊರಟ, ಕಿವಿಯ ಐದು ಕಡೆ ಸಣ್ಣ ಸೂಜಿ ಚುಚ್ಚುವ ಪದ್ಧತಿ ಒಂದು ಕಾಲಕ್ಕೆ ಸೆರೆಮನೆಗಳಲ್ಲೂ ಬಹಳ ಜನಪ್ರಿಯವಾಗಿತ್ತು. 2002ರಲ್ಲಿ 620 ಕೊಕೇನ್ ವ್ಯಸನಿಗಳ ಮೇಲೆ ಸರಿಯಾಗಿ ಪರೀಕ್ಷಿಸಿದಾಗ ಅದು ಬೇರೆ ಜಾಗಕ್ಕೆ ಚುಚ್ಚಿದ್ದಕ್ಕಿಂತಲಾಗಲಿ, ಸುಮ್ಮನೆ ವಿಶ್ರಾಂತಿಯ ವಿಡಿಯೊ ತೋರಿಸಿದ್ದಕ್ಕಿಂತಲಾಗಲಿ ಮೇಲೆಂದು ಕಾಣಲಿಲ್ಲ. ಯೋಗದ ಕಥೆ ಇದಕ್ಕಿಂತ ವಾಸಿ. ಬ್ರಿಟನ್ನಿನ ಏಳು ಸೆರೆಮನೆಗಳಲ್ಲಿ ಹತ್ತು ವಾರಗಳ ಯೋಗ ತರಗತಿ ನಡೆಸಿದ ಆಕ್ಸ್‌ಫರ್ಡ್ ಸಂಶೋಧಕರು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗ ಮಾಡಿದವರ ಮನಸ್ಸಿನ ತಳಮಳ ಕಡಿಮೆಯಾಗಿತ್ತು. ಅಷ್ಟೇ ಅಲ್ಲ, ಕೈ ಮುಂದೆ ಹೋಗುವ ಮೊದಲು ತಡೆದುಕೊಳ್ಳುವ ಶಕ್ತಿಯನ್ನು ಅಳೆಯುವ ಪರೀಕ್ಷೆಯಲ್ಲೂ ಅವರು ಮುಂದಿದ್ದರು. ಚಟ ಎಂದರೆ ಬಹುಪಾಲು ಆ ಒಂದು ಗಳಿಗೆ ತಡೆದುಕೊಳ್ಳಲಾಗದಿರುವುದೇ ತಾನೇ?

ತಿಹಾರದಿಂದ ಸಿಯಾಟಲ್‌ಗೆ

ಆ ಒಂದು ಗಳಿಗೆಯನ್ನೇ ಹಿಡಿದು ಹೊರಟ ಪ್ರಯೋಗವೊಂದು ನಮ್ಮ ದೇಶದಿಂದ ಅಮೆರಿಕಕ್ಕೆ ಹೋಯಿತು.

ಸತ್ಯನಾರಾಯಣ ಗೋಯೆಂಕಾ ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ. ತಡೆಯಲಾಗದ ಅರೆತಲೆನೋವಿಗೆ ವೈದ್ಯರು ಅವರಿಗೆ ಮಾರ್ಫಿನ್ ಚುಚ್ಚುತ್ತಿದ್ದರು. ಹೀಗೇ ಆದರೆ ಮಾರ್ಫಿನ್ನಿಗೇ ದಾಸರಾಗುತ್ತೀರಿ ಎಂಬ ಎಚ್ಚರಿಕೆ ಬಂದ ಮೇಲೆ ಅವರು 1955ರಲ್ಲಿ ರಂಗೂನಿನ ಸಯಾಜಿ ಉ ಬಾ ಖಿನ್ ಎಂಬ ಸರ್ಕಾರಿ ಅಧಿಕಾರಿಯ ಬಳಿ ವಿಪಶ್ಯನ ಧ್ಯಾನ ಕಲಿತರು. 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. 1975ರಲ್ಲಿ ಜೈಪುರದ ಸೆರೆಮನೆಯಲ್ಲಿ ಮೊದಲ ಶಿಬಿರ ನಡೆಯಿತು. 1993ರಲ್ಲಿ ಕಿರಣ್ ಬೇಡಿ ದೆಹಲಿಯ ತಿಹಾರ ಸೆರೆಮನೆಯ ಮುಖ್ಯಸ್ಥೆಯಾದರು. ಅಲ್ಲಿ ಆ ವರ್ಷ ಆರಂಭವಾದ ಶಿಬಿರ 1994ರ ಏಪ್ರಿಲ್‌ನಲ್ಲಿ ಸಾವಿರದಷ್ಟು ಕೈದಿಗಳು ಒಟ್ಟಿಗೆ ಕುಳಿತದ್ದರಿಂದ ಲೋಕಪ್ರಸಿದ್ಧವಾಯಿತು.

ಶಿಬಿರವೆಂದರೆ ಹತ್ತು ದಿನ ಮೌನ. ನಸುಕಿನ ನಾಲ್ಕಕ್ಕೆ ಗಂಟೆ, ಸಸ್ಯಾಹಾರ, ದಿನವಿಡೀ ಕುಳಿತು ಮೊದಲು ಉಸಿರನ್ನು, ಆಮೇಲೆ ಮೈಮೇಲಿನ ಒಂದೊಂದು ಸಂವೇದನೆಯನ್ನು ಗಮನಿಸುವುದು. ನವೆ ಬಂದರೆ ಕೆರೆಯಬೇಡ, ನೋಡು. ಸಿಟ್ಟು ಬಂದರೆ ಎದ್ದು ಹೋಗಬೇಡ, ನೋಡು. ಸಿಯಾಟಲ್‌ನ ಉತ್ತರಕ್ಕಿದ್ದ ‘ನಾರ್ತ್ ರಿಹ್ಯಾಬಿಲಿಟೇಶನ್ ಫೆಸಿಲಿಟಿ’ ಎಂಬ ಚಿಕ್ಕ ಸೆರೆಮನೆಯ ಆಡಳಿತಾಧಿಕಾರಿ ಲೂಸಿಯಾ ಮೇಯರ್‌ಗೆ ಇದರಲ್ಲಿ ಆಸಕ್ತಿ ಹುಟ್ಟಿತು. ಅಲ್ಲಿನ ಕೈದಿಗಳಲ್ಲಿ ಹೆಚ್ಚಿನವರು ಮದ್ಯ, ಕೊಕೇನ್, ಹೆರಾಯಿನ್‌ಗಳಿಂದಾಗಿಯೇ ಮತ್ತೆ ಮತ್ತೆ ಬಂದು ಹೋಗುವವರು. ಕೈದಿಗಳನ್ನು ಕೂರಿಸುವ ಮೊದಲು ಅಧಿಕಾರಿ ತಾವೇ ಹತ್ತು ದಿನ ಕುಳಿತು ಬಂದರು. 1997ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಶಿಬಿರ ನಡೆಯಿತು. ಅಮೆರಿಕದ ಸೆರೆಮನೆಯೊಂದರಲ್ಲಿ ಇಂಥದು ಅದೇ ಮೊದಲು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲನ್ ಮಾರ್ಲೆಟ್ ಮತ್ತು ಅವರ ತಂಡ ಇದನ್ನು ಅಧ್ಯಯನ ಮಾಡಿತು. ಚಟಕ್ಕೆ ಮರಳಿ ಬೀಳುವುದೇಕೆ ಎಂಬುದೇ ಮಾರ್ಲೆಟ್ ಅವರ ಜೀವಮಾನದ ಪ್ರಶ್ನೆ. ಅವರ ಉತ್ತರದಲ್ಲಿ ಒಂದು ಅಲೆ ಇದೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ನೀರಿಗಿಳಿದವರಿಗೆ ಗೊತ್ತು: ಅಲೆ ದೂರದಲ್ಲಿ ಏಳುತ್ತದೆ, ಎದೆಯೆತ್ತರಕ್ಕೆ ಬರುತ್ತದೆ, ಇನ್ನೇನು ಮುಳುಗಿಸಿತು ಎನ್ನುವಾಗ ತಾನಾಗಿ ಕುಸಿಯುತ್ತದೆ. ಚಟದ ಹಪಹಪಿಯೂ ಹಾಗೆಯೇ. ಅದು ಏರುತ್ತಲೇ ಹೋಗುತ್ತದೆ, ತೀರಿಸದಿದ್ದರೆ ಸತ್ತೇಹೋಗುತ್ತೇನೆ ಎಂದು ವ್ಯಸನಿ ನಂಬಿರುತ್ತಾನೆ. ಏರಿದ್ದು ಇಳಿಯುವವರೆಗೆ ಅವನು ಒಮ್ಮೆಯೂ ಕಾದು ನೋಡಿರುವುದಿಲ್ಲ, ಅಷ್ಟೆ. ಅಲೆಯ ಜೊತೆ ಹೊಡೆದಾಡದೆ, ಅದರ ಮೇಲೆ ತೇಲಿ ದಾಟುವುದನ್ನು ಕಲಿಸಬಹುದು ಎಂದರು ಮಾರ್ಲೆಟ್.

2006ರಲ್ಲಿ ಫಲಿತಾಂಶ ಬಂತು. ಬಿಡುಗಡೆಯಾದ ಮೂರು ತಿಂಗಳ ನಂತರ, ಶಿಬಿರದಲ್ಲಿ ಕುಳಿತವರು ಕುಳಿತಿಲ್ಲದವರಿಗಿಂತ ಮದ್ಯ, ಗಾಂಜಾ ಮತ್ತು ಕೊಕೇನ್ ಬಳಕೆಯನ್ನು ಗಣನೀಯವಾಗಿ ಕಡಿಮೆ ಮಾಡಿದ್ದರು. ಆದರೆ ಅವರು ತಾವಾಗಿ ಮುಂದೆ ಬಂದವರು, ಚೀಟಿ ಎತ್ತಿ ಆರಿಸಿದವರಲ್ಲ. ಬಿಡುಗಡೆಯಾದ ಮೇಲೆ ಎಷ್ಟೋ ಜನ ಸಂಶೋಧಕರ ಕೈಗೇ ಸಿಗಲಿಲ್ಲ. ಆ ಕೊರತೆ ತುಂಬಲು ಹತ್ತು ದಿನಗಳ ಮೌನದ ಬದಲು ಎಂಟು ವಾರಗಳ ಸರಳ ಅಭ್ಯಾಸಕ್ರಮ ರೂಪಿಸಿ, ಸೆರೆಮನೆಯ ಹೊರಗೆ 286 ಮಂದಿಯ ಮೇಲೆ ಚೀಟಿ ಎತ್ತಿಯೇ ಪರೀಕ್ಷಿಸಿದರು. 2014ರಲ್ಲಿ ಬಂದ ಅದರ ವರದಿಯೂ ಒಂದು ವರ್ಷದ ಕೊನೆಗೆ ಈ ಅಭ್ಯಾಸದವರೇ ಮೇಲಿದ್ದರು ಎಂದಿತು. ಮಾರ್ಲೆಟ್ ಅದನ್ನು ನೋಡಲಿಲ್ಲ, 2011ರಲ್ಲೇ ತೀರಿಕೊಂಡಿದ್ದರು. ಸಿಯಾಟಲ್‌ನ ಆ ಪುಟ್ಟ ಸೆರೆಮನೆಯೂ ಉಳಿದಿರಲಿಲ್ಲ. ಕೌಂಟಿಯ ಖಜಾನೆಯಲ್ಲಿ ಹಣವಿಲ್ಲವೆಂದು 2002ರಲ್ಲೇ ಅದಕ್ಕೆ ಬೀಗ ಬಿದ್ದಿತ್ತು.

ಧ್ಯಾನದ ಜೊತೆ ಮಾತ್ರೆ

ಇಲ್ಲೊಂದು ಅಪಾಯವೂ ಇದೆ. ಧ್ಯಾನ, ಯೋಗ ಎಂದ ಕೂಡಲೇ ನಮ್ಮಲ್ಲಿ ಕೆಲವರು ‘ನೋಡಿದಿರಾ, ಔಷಧಿಯೇ ಬೇಡ’ ಎಂದುಬಿಡುತ್ತಾರೆ. ಹೆರಾಯಿನ್ ಜಾತಿಯ ಚಟಕ್ಕೆ ಈ ಮಾತು ಪ್ರಾಣಘಾತಕ. ಅಮೆರಿಕದ ಅತಿ ಪುಟ್ಟ ರಾಜ್ಯ ರೋಡ್ ಐಲೆಂಡ್ 2016ರಲ್ಲಿ ತನ್ನ ಸೆರೆಮನೆಗಳ ಎಲ್ಲ ಅಗತ್ಯವುಳ್ಳ ಕೈದಿಗಳಿಗೆ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಎಂಬ ಮೂರು ಔಷಧಿಗಳಲ್ಲಿ ಸೂಕ್ತವಾದದ್ದನ್ನು ಕೊಡಲು ಶುರುಮಾಡಿತು. ಹೊರಬಂದ ಮೇಲೂ ಚಿಕಿತ್ಸಾಲಯಗಳಲ್ಲಿ ಅದು ಮುಂದುವರಿಯುವಂತೆ ಏರ್ಪಾಡಾಯಿತು. 2016ರ ಮೊದಲ ಆರು ತಿಂಗಳಲ್ಲಿ ಪ್ರಮಾಣ ಮೀರಿ ಸತ್ತವರಲ್ಲಿ ಇತ್ತೀಚೆಗೆ ಸೆರೆಮನೆಯಿಂದ ಬಂದವರು 26. 2017ರ ಅದೇ ಅವಧಿಯಲ್ಲಿ 9. ಹೊಸ ಕಟ್ಟಡವಿಲ್ಲ, ಹೊಸ ಕಾಯ್ದೆಯಿಲ್ಲ. ಮಾತ್ರೆ ಮತ್ತು ಗೇಟಿನಾಚೆ ಕಾಯುತ್ತಿರುವ ಒಬ್ಬ ವೈದ್ಯ.

ಮಾತ್ರೆ ಜೀವ ಉಳಿಸುತ್ತದೆ. ಉಳಿದ ಜೀವ ಹಗಲು ರಾತ್ರಿಯನ್ನು ಹೇಗೆ ಕಳೆಯಬೇಕು ಎಂಬುದನ್ನು ಮಾತ್ರೆ ಹೇಳುವುದಿಲ್ಲ. ಅದಕ್ಕೆ ಕಸಬರಿಗೆಯೂ ಬೇಕು, ಚಾಪೆಯೂ ಬೇಕು, ಜೊತೆಗಾರರೂ ಬೇಕು. ಇವೆರಡನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವವರ ಮಾತಿಗೆ ಕಿವಿಗೊಡದಿರುವುದು ಕ್ಷೇಮ.

ಪರಪ್ಪನ ಅಗ್ರಹಾರದ ಲೆಕ್ಕ

ಇಷ್ಟೆಲ್ಲ ಅಮೆರಿಕದ ಮಾತಾಯಿತು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಮಾನಸಿಕ ಕಾಯಿಲೆ ಇಲ್ಲವೇ ವ್ಯಸನ, ಎರಡರಲ್ಲಿ ಒಂದಾದರೂ ಇದ್ದವರು ಐದರಲ್ಲಿ ನಾಲ್ವರು! ಅಂದರೆ ನಮ್ಮ ಸೆರೆಮನೆಯೂ, ಯಾರೂ ಫಲಕ ಹಾಕದಿದ್ದರೂ, ಒಂದು ದೊಡ್ಡ ಆಸ್ಪತ್ರೆಯೇ. ಒಂಬತ್ತು ತಿಂಗಳ ವಸತಿ ಚಿಕಿತ್ಸೆಯನ್ನು ಅಲ್ಲಿಗೆ ಹಾಗೆಯೇ ತರುವುದೂ ಸುಲಭವಲ್ಲ. ಭಾರತದ ಸೆರೆಮನೆಗಳಲ್ಲಿ ಹೆಚ್ಚಿನವರು ವಿಚಾರಣಾಧೀನರು; ನಾಳೆ ಜಾಮೀನು ಸಿಕ್ಕರೆ ನಾಳೆಯೇ ಹೊರಗೆ. ಅವರಿಗೆ ಹತ್ತು ದಿನದಲ್ಲಿ ಕಲಿಸಬಹುದಾದದ್ದು, ಮತ್ತು ಹೊರಗೆ ಮುಂದುವರಿಸಬಹುದಾದದ್ದು ಏನು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಸೆರೆಮನೆಯವರೆಗೆ ಹೋಗಲೇಬೇಕಿಲ್ಲ ಎನ್ನುವ ಬಾಗಿಲೊಂದನ್ನು ನಮ್ಮ ಕಾನೂನೇ ತೆರೆದಿಟ್ಟಿದೆ. ಕಾಲೇಜು ಮಕ್ಕಳ ತಂದೆತಾಯಿಗಳಲ್ಲಿ ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಇಲ್ಲವೇ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಅದೇ ಕಾಯ್ದೆಯ 39ನೇ ಕಲಮು ಇಂಥ ಸಣ್ಣ ಅಪರಾಧಗಳಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು, ಅವನು ಒಪ್ಪಿದರೆ, ಸೆರೆಮನೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಮಾರಾಟಗಾರರಿಗೆ ಈ ದಾರಿಗಳಿಲ್ಲ. ಗಾಬರಿಯಲ್ಲಿ ಯಾರದೋ ಕೈಗೆ ಹಣ ತುರುಕುವ ಮೊದಲು ವಕೀಲರನ್ನು ಈ ಎರಡು ಕಲಮುಗಳ ಬಗ್ಗೆ ಕೇಳಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಕರೆಗೆ ದುಡ್ಡಿಲ್ಲ.

ಇನ್ನು, ಸೆರೆಮನೆಯಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಹುಡುಗ ಹೊರಬರುವ ದಿನ. ಕರೆದುಕೊಂಡು ಬರಲು ಗೇಟಿನ ಬಳಿ ಮನೆಯವರು ಮೊದಲೇ ಹೋಗಿರಬೇಕು, ಹಳೆಯ ಗೆಳೆಯರು ಬೈಕಿನಲ್ಲಿ ಬರುವ ಮುಂಚೆ. ಮುಂದಿನ ಸಲ ವೈದ್ಯರನ್ನು ನೋಡುವ ತಾರೀಖು ಬರೆದ ಚೀಟಿ, ನಡೆಯುತ್ತಿರುವ ಮಾತ್ರೆ ಕೈಯಲ್ಲಿರಬೇಕು. ಮೊಬೈಲಿನ ಹಳೆಯ ನಂಬರುಗಳನ್ನು ಅವನೇ ಕೂತು ಅಳಿಸಿದರೆ ಒಳ್ಳೆಯದು. ಮೊದಲ ಎರಡು ವಾರ ಅವನನ್ನು ಒಬ್ಬನೇ ಬಿಡಬಾರದು, ಹಾಗೆಂದು ಪೊಲೀಸರಂತೆ ಜೇಬು ತಡಕುತ್ತಲೂ ಇರಬಾರದು. ಬೆಳಿಗ್ಗೆ ಏಳುವ ಹೊತ್ತು, ಒಂದು ಕೆಲಸ, ಸಂಜೆ ಮೈದಾನದಲ್ಲಿ ನಾಲ್ಕು ಸುತ್ತು. ‘ಒಮ್ಮೆ ಮೊದಲಿನಷ್ಟೇ ತಗೊಂಡರೂ ಈಗ ಉಸಿರು ನಿಲ್ಲಬಹುದು’ ಎಂಬ ಮಾತನ್ನು ಹೆದರಿಸಲಿಕ್ಕಲ್ಲ, ತಿಳಿಸಲಿಕ್ಕಾಗಿ, ಅವನಿಗೂ ಅವನ ತಂಗಿಗೂ ಅಜ್ಜಿಗೂ ಒಟ್ಟಿಗೆ ಕೂರಿಸಿ ಹೇಳಬೇಕು. ಆ ಹೊತ್ತು ಅವನು ಸಿಟ್ಟಾಗಿ ಎದ್ದು ಹೋದರೆ, ರಾತ್ರಿ ಊಟಕ್ಕೆ ಮತ್ತೆ ಕರೆಯಬೇಕು.